ಹೇಳದೆ ಕೇಳದೆ ನಿಂತ ಎಂಜಿನ್

ಬೇಕರ್ ಎಂಬ ಊರಿಗೂ ಬೇಕರಿಗೂ ಯಾವ ಸಂಬಂಧವೂ ಇಲ್ಲ ಎಂದು ಬಲ್ಲವರು ಹೇಳಬಹುದು. ಜೂನ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಸಂಸಾರ ಸಮೇತ ನಿಂತವರು ಹೇಳಲಾರರು. ಲಾಸ್ ಏಂಜಲೀಸಿನಿಂದ ಲಾಸ್ ವೇಗಸ್ಸಿಗೆ ಹೋಗುವ ಹೆದ್ದಾರಿಯಲ್ಲಿ, ಮೊಹಾವಿ ಮರುಭೂಮಿಯ ನಡುವೆ, ಕೆಲವು ಪೆಟ್ರೋಲ್ ಬಂಕು, ಕೆಲವು ಹೋಟೆಲು, ಅನ್ಯಗ್ರಹದ ಜೀವಿಗಳ ಬೊಂಬೆ ನಿಲ್ಲಿಸಿಕೊಂಡು ಒಣಮಾಂಸ ಮಾರುವ ಒಂದು ಅಂಗಡಿ, ಇಷ್ಟೇ ಊರು. ಆದರೂ ಅದಕ್ಕೊಂದು ಹೆಮ್ಮೆಯಿದೆ: 134 ಅಡಿ ಎತ್ತರದ ಥರ್ಮಾಮೀಟರ್. 1913ರ ಜುಲೈ 10ರಂದು ಹತ್ತಿರದ ಡೆತ್ ವ್ಯಾಲಿಯಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 56.7 ಡಿಗ್ರಿ ಸೆಲ್ಸಿಯಸ್, ದಾಖಲಾಯಿತು. ಅದರ ನೆನಪಿಗೆ ಡಿಗ್ರಿಗೊಂದು ಅಡಿಯಂತೆ, ನಮ್ಮ ಕಡೆ ದೇವಸ್ಥಾನದ ಮುಂದೆ ಗರುಡಗಂಬ ನಿಲ್ಲಿಸಿದ ಹಾಗೆ, ನಿಲ್ಲಿಸಿದ್ದಾರೆ. ಅಂದು ಅದು 111 ತೋರಿಸುತ್ತಿತ್ತು. ಹೆಚ್ಚುಕಡಿಮೆ 44 ಸೆಲ್ಸಿಯಸ್. ನನ್ನ ಕಷ್ಟವನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಊರಿಗೆಲ್ಲ ಕಾಣುವಂತೆ ಅದಕ್ಕೂ ಮೊದಲು ಯಾರೂ ಬರೆದಿರಲಿಲ್ಲ.

ಕೆಟ್ಟದ್ದು ಗಾಡಿಯಲ್ಲ, ಗಾಡಿಯ ಜನರೇಟರ್. ಈ ವ್ಯತ್ಯಾಸವನ್ನು ಅತ್ತೆಯವರಿಗೆ ನಾಲ್ಕು ಸಲ ವಿವರಿಸಿದೆ. ನಾಲ್ಕು ಸಲವೂ ಅವರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, "ಒಟ್ಟಿನಲ್ಲಿ ಕೆಟ್ಟಿದೆ ತಾನೇ?" ಎಂದರು. ಮೋಟರ್‌ಹೋಮ್ ಎಂದರೆ ಮುಂದೆ ಲಾರಿ, ಹಿಂದೆ ಮನೆ. ಲಾರಿಯ ಎಂಜಿನ್ ತಂಪು ಮಾಡುವುದು ಚಾಲಕನ ಮತ್ತು ಪಕ್ಕದವರ ಮೂಗಿನ ತುದಿಯನ್ನು ಮಾತ್ರ. ಹಿಂದಿನ ಮನೆಗೆ ಚಾವಣಿಯ ಮೇಲೆ ಬೇರೆಯೇ ಎಸಿ ಇದೆ. ಅದಕ್ಕೆ ಮನೆಯ ಕರೆಂಟೇ ಆಗಬೇಕು, 120 ವೋಲ್ಟ್. ಅದನ್ನು ಹುಟ್ಟಿಸಲು ಗಾಡಿಯ ಪಕ್ಕೆಯಲ್ಲಿ, ಒಂದು ಪುಟ್ಟ ಬಾಗಿಲ ಹಿಂದೆ, 4,000 ವ್ಯಾಟಿನ ಜನರೇಟರ್ ಕುಳಿತಿರುತ್ತದೆ. ಗಾಡಿಯ ಟ್ಯಾಂಕಿನಿಂದಲೇ ಅದಕ್ಕೂ ಪೆಟ್ರೋಲ್. ಒಂದೇ ಅಡುಗೆಮನೆಯ ಎರಡು ಸಂಸಾರದಂತೆ.

ಗಾಡಿ ಕೊಂಡದ್ದು ಹಿಂದಿನ ಶರತ್ಕಾಲದಲ್ಲಿ, ಸೆಕೆಂಡ್ ಹ್ಯಾಂಡ್. "ಇರುವ ಮನೆಯ ಸಾಲವೇ ತೀರಿಲ್ಲ, ಇನ್ನೊಂದು ಮನೆ, ಅದಕ್ಕೆ ಚಕ್ರ ಬೇರೆ" ಎಂದಿದ್ದಳು ಹೆಂಡತಿ. ಜನವರಿಯಲ್ಲಿ ಜೋಶುವಾ ಟ್ರೀಗೆ ಹೋಗಿ ಬಂದೆವು. ಜನರೇಟರ್ ಒಮ್ಮೆಯೂ ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದು ಹೆಂಡತಿ: ಸದ್ದು ಹೆಚ್ಚು, ಹಿಟ್ಟಿನ ಗಿರಣಿಯಲ್ಲಿ ಮಲಗಿದ ಹಾಗಾಗುತ್ತದೆ ಎಂದು. ಅದಕ್ಕೂ ಮಾರ್ಚ್‌ನಲ್ಲಿ ಒಂದು ವ್ಯವಸ್ಥೆ ಮಾಡಿ ಶಹಬ್ಬಾಸ್ ಎನ್ನಿಸಿಕೊಂಡಿದ್ದೆ. ಜೂನ್‌ನಲ್ಲಿ ಹಾಸನದಿಂದ ಅತ್ತೆ ಮಾವ ಬಂದರು. ಅವರಿಗೆ ಝಯಾನ್ ಕಣಿವೆ ತೋರಿಸಬೇಕೆಂದು ಹೊರಟೆವು.

ಬಾರ್‌ಸ್ಟೋ ದಾಟಿದ ಮೇಲೆ ಜನರೇಟರ್ ಹಾಕಿದೆ. ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಉಸಿರು ಎಳೆದುಕೊಳ್ಳುವಂತೆ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಗುರುಗುಟ್ಟಿ ನಿಂತುಬಿಟ್ಟಿತು. ಬೇಕರ್ ತಲುಪುವ ಹೊತ್ತಿಗೆ ಹಿಂದಿನಿಂದ ಬರುತ್ತಿದ್ದ ಸಂಭಾಷಣೆಯ ಧಾಟಿಯೇ ಬದಲಾಗಿತ್ತು. ಅತ್ತೆಯವರು ಕಲಬುರಗಿಯಲ್ಲಿ ಮೂರು ಬೇಸಿಗೆ ಕಳೆದವರು. ಅಲ್ಲಿಯೇ ಎಷ್ಟೋ ವಾಸಿ ಎಂದರು. ಅಷ್ಟರಲ್ಲಿ ಕಪಾಟಿನ ಬಾಗಿಲ ಸಂದಿಯಿಂದ ಬೆಳ್ಳಗೆ ಏನೋ ಇಳಿಯತೊಡಗಿತು. ಮರುದಿನದ ದೋಸೆಗೆಂದು ಬೆಳಗ್ಗೆ ರುಬ್ಬಿಟ್ಟ ಹಿಟ್ಟು. ನಮ್ಮ ಮನೆಯಲ್ಲಿ ಹುಳಿ ಬರಲು ರಾತ್ರಿಯಿಡೀ ಸತಾಯಿಸುವ ಅದೇ ಹಿಟ್ಟು ಮೂರೇ ತಾಸಿನಲ್ಲಿ ಉಬ್ಬಿ, ಮುಚ್ಚಳ ಎತ್ತಿ, ಹೊರಟಿತ್ತು.

ನಾನು ಎಂಜಿನಿಯರ್. ಸಾಫ್ಟ್‌ವೇರ್ ಎಂಬುದನ್ನು ಇಂಥ ಸಂದರ್ಭದಲ್ಲಿ ಒತ್ತಿ ಹೇಳುವುದಿಲ್ಲ. ಕೈಪಿಡಿ ತೆಗೆದೆ. ಜನರೇಟರ್ ತಾನಾಗಿ ನಿಂತಾಗ ಅದರ ಗುಂಡಿಯ ದೀಪ ಮಿಣುಕಿ ಕಾರಣ ಹೇಳುತ್ತದೆ, ಎಣಿಸಿಕೊಳ್ಳಬೇಕು. ಗುಂಡಿಯನ್ನು ಮೂರು ಸಲ ಒತ್ತಿ ಕಾದೆ. ಮೂರು ಸಲ ಮಿಣುಕಿತು, ತುಸು ತಡೆದು ಮತ್ತೆ ಆರು ಸಲ ಮಿಣುಕಿತು. ಮೂವತ್ತಾರು. ಪುಟ ತಿರುವಿ, ಬೆವರು ಒರೆಸಿಕೊಂಡು, ಬೆರಳಿಟ್ಟು ಓದಿದೆ. ಮೂವತ್ತಾರು ಎಂದರೆ, ನಿಲ್ಲು ಎಂದು ಯಾರೂ ಹೇಳದೆಯೇ ಎಂಜಿನ್ ನಿಂತಿದೆ ಎಂದರ್ಥ.

ಅಷ್ಟು ನನಗೂ ಗೊತ್ತಿತ್ತು.

"ಎಸಿ ಪಂಪಿಗೆ ಒದ್ದೆ ಬಟ್ಟೆ ಹಾಕಿ ನೋಡಿ ಅಳಿಯಂದಿರೇ" ಎಂದರು ಮಾವ, ಪಕ್ಕದಲ್ಲಿ ಬಗ್ಗಿ ನಿಂತು. ಹಿರಿಯರು, ಬಿಸಿಲಿಗೆ ತಲೆ ಬಿಸಿಯಾಗಿದೆ ಎಂದುಕೊಂಡೆ. ಕೆಟ್ಟಿರುವುದು ಕೆಳಗಿನ ಜನರೇಟರ್. ಚಾವಣಿಯ ಮೇಲಿನ ಎಸಿಗೆ ಬಟ್ಟೆ ಹೊದೆಸಿ ಏನಾಗಬೇಕು? "ನೋಡೋಣ ಮಾವ" ಎಂದೆ, ನೋಡುವುದಿಲ್ಲ ಎಂಬುದನ್ನು ನಾವು ಗೌರವದಿಂದ ಹೇಳುವ ರೀತಿಯಲ್ಲಿ.

ಮೊದಲ ಅನುಮಾನ ಪೆಟ್ರೋಲ್ ಮೇಲೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಉಳಿದರೆ ಜನರೇಟರಿಗೆ ಸಿಗುವುದಿಲ್ಲ. ಅದರ ಕೊಳವೆಯನ್ನು ಬೇಕೆಂದೇ ಗಿಡ್ಡ ಮಾಡಿರುತ್ತಾರೆ. ರಾತ್ರಿಯಿಡೀ ಎಸಿ ಹಾಕಿಕೊಂಡು ಮಲಗಿದವರು ಬೆಳಗ್ಗೆ ಕಾಡಿನಲ್ಲಿ ಪೆಟ್ರೋಲ್ ಇಲ್ಲದೆ ಕೂರಬಾರದಲ್ಲ. ಮುಳ್ಳು ಸುಮಾರು ಕಾಲಿನ ಮೇಲೇ ಇತ್ತು. ಟ್ಯಾಂಕ್ ತುಂಬಿಸಿದೆ. ಮರುಭೂಮಿಯ ನಡುವಿನ ಬಂಕಿನಲ್ಲಿ ಪೆಟ್ರೋಲಿನ ದರ ನೋಡಬಾರದು, ನೋಡಿದೆ. ಗುಂಡಿ ಒತ್ತಿದೊಡನೆ ಜನರೇಟರ್ ಹೂವಿನಂತೆ ಎದ್ದಿತು. ಎಲ್ಲರನ್ನೂ ಒಳಗೆ ಕೂರಿಸಿ, ಚಿತ್ರಾನ್ನದ ತಟ್ಟೆ ಹಿಡಿದು, ಗಿಡ್ಡ ಕೊಳವೆಯ ಹಿಂದಿನ ದೂರದೃಷ್ಟಿಯನ್ನು ಕುರಿತು ಚಿಕ್ಕ ಉಪನ್ಯಾಸ ಕೊಟ್ಟೆ. ಉಪನ್ಯಾಸಕ್ಕೂ ಚಿತ್ರಾನ್ನಕ್ಕೂ ಸೇರಿ ಇಪ್ಪತ್ತೈದು ನಿಮಿಷ ಹಿಡಿಯಿತು. ಮೊಸರನ್ನಕ್ಕೆ ಬರುವಾಗ ನಿಂತಿತು.

ಅತ್ತೆಯವರು ಕೈತೊಳೆದು, ಮೊಮ್ಮಗಳನ್ನು ಕರೆದುಕೊಂಡು ಬಂಕಿನ ಅಂಗಡಿಯ ತಂಪಿಗೆ ಹೊರಟುಹೋದರು. ಸುಮ್ಮನೆ ಕುಳಿತರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚಕ್ಕೆ ಅರ್ಧ ತಾಸಿಗೊಂದು ವಸ್ತು ಕೊಂಡರು. ಸಂಜೆಯ ಹೊತ್ತಿಗೆ ನಮ್ಮ ಬಳಿ ಎರಡು ಕೀ ಚೈನು, ಬಿಸಿಲ ಟೋಪಿ ಮತ್ತು ಹಸಿರು ಅನ್ಯಗ್ರಹವಾಸಿಯ ಒಂದು ಚಿತ್ರ ಸೇರಿದ್ದವು. ಪ್ರತಿಯೊಂದರ ಬೆಲೆಯನ್ನೂ ಅವರು ರೂಪಾಯಿಗೆ ಪರಿವರ್ತಿಸಿ ನನಗೆ ಹೇಳಿದರು.

ಆಮೇಲಿನ ಮೂರು ತಾಸುಗಳನ್ನು ಬೇಗ ಮುಗಿಸುತ್ತೇನೆ. ಆಯಿಲ್ ನೋಡಿದೆ, ಸರಿಯಾಗಿತ್ತು. ಇಗ್ನಿಷನ್ ಕಾಯಿಲ್ ಬಿಸಿಯಾದಾಗ ಒಳಗಿನ ತಂತಿ ಕಡಿದುಕೊಂಡು, ತಣ್ಣಗಾದಾಗ ಕೂಡಿಕೊಳ್ಳುವುದುಂಟು. ಅದನ್ನು ಅಳೆಯಲು ಮಲ್ಟಿಮೀಟರ್ ಹಿಡಿದು ಕೈಹಾಕಿ ಎರಡು ಬೆರಳು ಸುಟ್ಟುಕೊಂಡೆ. ಮಲ್ಟಿಮೀಟರಿನ ಪರದೆಯೇ ಬಿಸಿಲಿಗೆ ಕಪ್ಪಾಗಿ ಏನೂ ಕಾಣದಾಯಿತು. ಒಂದು ಸಂಗತಿ ಮಾತ್ರ ವಿಚಿತ್ರವಾಗಿತ್ತು. ಬಾಗಿಲು ತೆರೆದಿಟ್ಟು ಮುಂದೆ ಕುಕ್ಕರುಗಾಲಲ್ಲಿ ಕುಳಿತು ದಿಟ್ಟಿಸುತ್ತಿದ್ದರೆ ಜನರೇಟರ್ ಚಕಾರವೆತ್ತದೆ ಓಡುತ್ತಿತ್ತು. ಬಾಗಿಲು ಮುಚ್ಚಿ ಒಳಗೆ ಹೋಗಿ ಕೂತೆನೋ, ನಿಲ್ಲುತ್ತಿತ್ತು. ವೈದ್ಯರ ಮುಂದೆ ಕೂತೊಡನೆ ಕೆಮ್ಮು ಮಾಯವಾಗುವ ಹಾಗೆ. ಇದರಿಂದ ಬುದ್ಧಿಯಿದ್ದವನು ಏನು ತೀರ್ಮಾನಿಸಬೇಕಿತ್ತೋ ಅದನ್ನು ನಾನು ತೀರ್ಮಾನಿಸಲಿಲ್ಲ. ನನ್ನನ್ನು ಕಂಡರೆ ಅದಕ್ಕೆ ಭಯ ಎಂದುಕೊಂಡೆ.

ಐದೂವರೆಗೆ ಸೋತು, ಹಿರಿಯರ ಮಾತು ಮೀರಿದ ಪಾಪ ಬೇಡವೆಂದು, ಟವೆಲ್ ಒದ್ದೆ ಮಾಡಿಕೊಂಡು ಹಿಂದಿನ ಏಣಿ ಹತ್ತಿದೆ. ಏಣಿ ಕಾದ ಹೆಂಚಿನಂತಿತ್ತು. ಚಾವಣಿಯ ಎಸಿಗೆ ಟವೆಲ್ ಹೊದೆಸಿ, ಮಂಗಳಾರತಿ ಮುಗಿಸಿದ ಅರ್ಚಕರಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನೋಡುತ್ತಿದ್ದಂತೆಯೇ ಅಂಚಿನಿಂದ ಒಣಗುತ್ತ ಬಂತು. ಕೆಳಗೆ ಮಾವ ನನ್ನ ಹೆಂಡತಿಯನ್ನು, "ಇವರು ಅಲ್ಲಿ ಮೇಲೆ ಏನು ಮಾಡುತ್ತಿದ್ದಾರಮ್ಮ?" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಅದೇ ಪ್ರಶ್ನೆ ಪಕ್ಕದ ಗಾಡಿಯ ಅಮೆರಿಕನ್ ಅಜ್ಜನಿಗೂ ಬಂದಿರಬೇಕು. ಎಂಬತ್ತರ ಆಸುಪಾಸು, ಹುಲ್ಲಿನ ಟೋಪಿ. ನನ್ನ ಕಥೆಯನ್ನು ಅರ್ಧ ಕೇಳಿ, "ವೇಪರ್ ಲಾಕ್", ಅಂದರೆ ಕೊಳವೆಯಲ್ಲಿ ಆವಿ ಕಟ್ಟಿಕೊಂಡಿದೆ, ಎಂದು ಹೇಳಿ ಹೋದವರು, ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಮುಷ್ಟಿ ತುಂಬ ತಂದರು. ಪೆಟ್ರೋಲ್ ಕೊಳವೆಗೆ ಸಾಲಾಗಿ ಸಿಕ್ಕಿಸಬೇಕಂತೆ. ಅವರ ತಂದೆ ಟ್ರ್ಯಾಕ್ಟರಿಗೆ ಹೀಗೆಯೇ ಮಾಡುತ್ತಿದ್ದರಂತೆ. ಮರದ ಕ್ಲಿಪ್ಪು ಶಾಖ ಹೀರುತ್ತದೆ ಎಂಬುದನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಮಾವನ ಮುಖ ಅರಳಿತು. ಇಂಗ್ಲಿಷ್ ಬಾರದ ಮಾವ, ಕನ್ನಡ ಬಾರದ ಅಜ್ಜ ಬಾಗಿಲ ಮುಂದೆ ಒಟ್ಟಿಗೆ ಕುಳಿತರು. ಅಜ್ಜ ಕೊಳವೆ ತೋರಿಸಿದರು. ಮಾವ ಅದೇ ಕೊಳವೆಯ ಜಾಡು ಹಿಡಿದು, ಅದು ಸೇರುವ ಪುಟ್ಟ ಡಬ್ಬಿಯತ್ತ ಬೆರಳು ಮಾಡಿ, ನನ್ನ ಕಡೆ ತಿರುಗಿ ಹೇಳಿದರು: "ಇದೇ ಅಲ್ಲವೇ ನಾನು ಮಧ್ಯಾಹ್ನದಿಂದ ಹೇಳುತ್ತಿರುವ ಎಸಿ ಪಂಪು?"

ಅಂಬಾಸಿಡರ್ ಕಾಲದ ನಮ್ಮ ಗ್ಯಾರೇಜುಗಳಲ್ಲಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕೊಡುವ ಪಂಪಿಗೆ ಎಸಿ ಪಂಪು ಎಂದೇ ಹೆಸರು. ತಂಪಿಗೂ ಅದಕ್ಕೂ ಯಾವ ನಂಟೂ ಇಲ್ಲ. ಮಾವ ಮಂಗಳೂರಿನಿಂದ ಹಿಂದಿರುಗುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಅಂಬಾಸಿಡರ್ ಇದೇ ರೀತಿ ಗುರುಗುಟ್ಟಿ ನಿಲ್ಲುತ್ತಿತ್ತಂತೆ. ಕೆಂಪುಹೊಳೆಗೆ ಇಳಿದು ಟವೆಲ್ ನೆನೆಸಿ ತಂದು ಪಂಪಿಗೆ ಸುತ್ತಿ, ಒಂದು ಬೀಡಿ ಸೇದಿ ಮುಗಿಸಿದರೆ ಗಾಡಿ ಮತ್ತೆ ತಯಾರು. (ಬೀಡಿಯ ವಿಷಯ ಅತ್ತೆಯವರಿಗೆ ಅಂದೇ ಮೊದಲ ಸಲ ತಿಳಿದದ್ದು. ಅದರ ವಿಚಾರಣೆ ಬೇರೆ ನಡೆಯಿತು.)

ಕಾರಣವೂ ಸರಳವೇ. ನಮ್ಮ ಕಪಾಟಿನ ಹಿಟ್ಟಿಗೆ ಏನಾಗಿತ್ತೋ ಪೆಟ್ರೋಲಿಗೂ ಹೆಚ್ಚುಕಡಿಮೆ ಅದೇ ಆಗಿತ್ತು, ಬರೀ ಗುಳ್ಳೆ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳಿರುತ್ತವೆ. ಕೊಳವೆ ಕಾದರೆ, ಅದರ ಮೇಲೆ ಪಂಪು ಹೀರಿ ಒತ್ತಡ ಇಳಿಸಿದರೆ, ಅವು ಕೊಳವೆಯೊಳಗೇ ಕುದಿಯುತ್ತವೆ. ಪಂಪು ದ್ರವ ತಳ್ಳಲು ಹುಟ್ಟಿದ್ದು, ಆವಿಯನ್ನು ಅದರಿಂದ ತಳ್ಳಲಾಗದು. ಎಂಜಿನ್ನಿಗೆ ಪೆಟ್ರೋಲ್ ಬಾರದೆ ಅದು ನಿಲ್ಲುತ್ತದೆ. ತಣ್ಣಗಾದರೆ ಆವಿ ಮತ್ತೆ ಪೆಟ್ರೋಲ್ ಆಗಿ, ಏನೂ ನಡೆದೇ ಇಲ್ಲವೆಂಬಂತೆ ಶುರುವಾಗುತ್ತದೆ.

ಎಲ್ಲವೂ ಆರುವವರೆಗೆ ಕಾದು ಮಾವನ ಚೌಕುಳಿ ಟವೆಲ್ಲನ್ನು ಪಂಪಿಗೆ ಸುತ್ತಿದ್ದಾಯಿತು. ಅಜ್ಜನ ಮನಸ್ಸು ನೋಯಬಾರದೆಂದು ಆರು ಕ್ಲಿಪ್ಪುಗಳನ್ನೂ ಸಿಕ್ಕಿಸಿದೆವು. ಬಾಗಿಲು ಮುಚ್ಚಿ ಓಡಿಸಿದೆವು. ಇಪ್ಪತ್ತೈದು ನಿಮಿಷ ಕಳೆಯಿತು. ಮೂವತ್ತು. ಎಲ್ಲರೂ ಗಡಿಯಾರ ನೋಡುತ್ತಿದ್ದೆವು. ನಲವತ್ತಕ್ಕೆ ನಿಂತಿತು. ಟವೆಲ್ ಹಪ್ಪಳವಾಗಿತ್ತು.

ನಾನಾಗಿದ್ದರೆ ಇನ್ನೊಂದು ಟವೆಲ್ ತರುತ್ತಿದ್ದೆ. ಮಾವ ಹಾಗಲ್ಲ. ನಿಧಾನವಾಗಿ ಬಾಗಿಲ ಜಾಲರಿಯ ಸಂದಿಗಳ ಮೇಲೆ ಅಂಗೈ ಇಟ್ಟು, "ಮತ್ತೊಮ್ಮೆ ಶುರು ಮಾಡಿ" ಎಂದರು. ಇಂಥ ಜನರೇಟರಿಗೆ ರೇಡಿಯೇಟರ್ ಇರುವುದಿಲ್ಲ. ಬಾಗಿಲ ಸಂದಿಯಿಂದ ಗಾಳಿ ಎಳೆದು, ಮೈ ತಣಿಸಿಕೊಂಡು, ಬಿಸಿಗಾಳಿಯನ್ನು ಕೆಳಗೆ ಬಿಡುವುದೇ ಅದರ ಉಪಾಯ. "ಇಲ್ಲಿ ಗಾಳಿ ಎಳೆಯುತ್ತಲೇ ಇಲ್ಲವಲ್ಲ!" ಎಂದರು ಮಾವ. ನಿಲ್ಲಿಸಿ, ಬಾಗಿಲು ತೆರೆದು, ಅದರ ಒಳಮೈ ನೋಡಿದರು. ಎರಡು ಅಂಗುಲ ದಪ್ಪದ ಕಪ್ಪು ಸ್ಪಂಜಿನ ಹಾಸು, ಜಾಲರಿಯನ್ನು ಪೂರ್ತಿ ಮುಚ್ಚಿಕೊಂಡು, ನಾಲ್ಕು ಮೂಲೆಗೂ ಅಂಟು ಹಿಡಿದು ಕುಳಿತಿತ್ತು.

ಮಾರ್ಚ್‌ನಲ್ಲಿ ನಾನು ಮಾಡಿದ ಸದ್ದಿನ ವ್ಯವಸ್ಥೆ ಅದೇ.

"ಇಷ್ಟು ಅಚ್ಚುಕಟ್ಟಾಗಿ ಯಾರು ಅಂಟಿಸಿದ್ದು?" ಎಂದು ಮಾವ ನಿಜವಾದ ಮೆಚ್ಚುಗೆಯಿಂದಲೇ ಕೇಳಿದರು.

"ಹಿಂದಿನ ಮಾಲೀಕ ಇರಬೇಕು" ಎಂದೆ.

"ಅಪ್ಪ, ಅದು ನಾವಿಬ್ಬರೂ ಸೇರಿ ಅಂಟಿಸಿದ್ದಲ್ಲವೇ?" ಎಂದಳು ಮಗಳು, ಐಸ್ ಕ್ಯಾಂಡಿ ಚೀಪುತ್ತಾ. "ಕತ್ತರಿ ಹಿಡಿದದ್ದು ನಾನೇ."

ಹೆಂಡತಿ ಏನೂ ಮಾತನಾಡಲಿಲ್ಲ. ಅಜ್ಜನಿಗೆ ಕನ್ನಡ ಬಾರದಿದ್ದರೂ ವಿಷಯ ಗೊತ್ತಾಗಿರಬೇಕು. ಟೋಪಿ ಸರಿಮಾಡಿಕೊಂಡು ತಮ್ಮ ಗಾಡಿಯತ್ತ ನೋಡತೊಡಗಿದರು.

ಹಾಸು ಕಿತ್ತು ಕಸದ ಡಬ್ಬಿಗೆ ಹಾಕಿದೆವು. ಅಂಟು ಮಾತ್ರ ಬಿಡಲಿಲ್ಲ, ಒಳ್ಳೆಯ ಅಂಟನ್ನೇ ಕೊಂಡಿದ್ದೆ. ಉಳಿದ ಹಿಟ್ಟಿನಲ್ಲಿ ಅತ್ತೆಯವರು ಗ್ಯಾಸ್ ಒಲೆಯ ಮೇಲೆ ದೋಸೆ ಹೊಯ್ದರು. ಅಜ್ಜ ನಾಲ್ಕು ತಿಂದು, ಕ್ಲಿಪ್ಪುಗಳನ್ನು ಇಟ್ಟುಕೊಳ್ಳಿ ಎಂದು ಹೇಳಿ ಹೋದರು. ಒಂಬತ್ತು ಗಂಟೆಗೆ ಹೊರಟೆವು. ಆಗಲೂ ಕಂಬ 102 ತೋರಿಸುತ್ತಿತ್ತು. ವೇಗಸ್ಸಿನ ಕಡೆಗಿನ ಏರು ಹತ್ತುವಾಗ ಜನರೇಟರ್ ಬಾಗಿಲು ಮುಚ್ಚಿಕೊಂಡೇ, ಒಮ್ಮೆಯೂ ತಡವರಿಸದೆ, ಹಿಟ್ಟಿನ ಗಿರಣಿಯಂತೆ ಗರ್ಜಿಸುತ್ತಿತ್ತು. ಒಳಗೆಲ್ಲ ತಂಪು. ಮಾವ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು.

ಮಾರ್ಚ್‌ನಲ್ಲಿ ಕೊಂಡ ಆ ಸ್ಪಂಜಿಗೆ ಎಷ್ಟು ಡಾಲರ್ ಕೊಟ್ಟೆ ಎಂಬಂಥದ್ದೇನೋ ಹೆಂಡತಿ ಹಿಂದಿನಿಂದ ಕೇಳುತ್ತಿರುವುದು ಕನ್ನಡಿಯಲ್ಲಿ ಕಂಡಿತು. ತುಟಿ ಮಾತ್ರ ಅಲುಗುತ್ತಿತ್ತು. ಕಿವಿಯ ಹಿಂದೆ ಕೈಯಿಟ್ಟು, ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದೆ.