ಯಾವ ಹಕ್ಕಿ?

ಮಕ್ಕಳ ಕತೆಗಳಲ್ಲಿ 'ಒಂದು ಕಾಡಿನಲ್ಲಿ ಒಂದು ಹಕ್ಕಿ ಇತ್ತು' ಅಂತ ಓದಿದಾಗಲೆಲ್ಲ ನನಗೆ ರಷ್ಯಾದ ಮಕ್ಕಳ ಲೇಖಕ ವಿತಾಲಿ ಬಿಯಾಂಕಿ ನೆನಪಾಗುತ್ತಾರೆ. ಅವರು ಪಕ್ಕದಲ್ಲಿದ್ದರೆ ಕೇಳುತ್ತಿದ್ದರೇನೋ: ಯಾವ ಹಕ್ಕಿ? ಕೊಕ್ಕು ಹೇಗಿತ್ತು? ಏನು ತಿನ್ನುತ್ತಿತ್ತು?

ಬಿಯಾಂಕಿ ಹುಟ್ಟಿದ್ದು 1894ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಪ್ಪ ಅಲ್ಲಿನ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ಹಕ್ಕಿಗಳ ವಿಭಾಗ ನೋಡಿಕೊಳ್ಳುತ್ತಿದ್ದ ವಿಜ್ಞಾನಿ. ಬೇಸಿಗೆ ಬಂತೆಂದರೆ ಇಡೀ ಸಂಸಾರ ಫಿನ್ಲೆಂಡ್ ಕೊಲ್ಲಿಯ ದಡದ ಲೆಬ್ಯಾಝ್ಯೆ ಹಳ್ಳಿಗೆ ಹೋಗುತ್ತಿತ್ತು. ವಲಸೆ ಹಕ್ಕಿಗಳು ಹಾದುಹೋಗುವ ಜಾಗ ಅದು. ಅಪ್ಪ ಮಗನನ್ನು ಕಾಡಿಗೆ ಕರೆದುಕೊಂಡು ಹೋಗಿ ಒಂದೊಂದು ಹುಲ್ಲು, ಒಂದೊಂದು ಹಕ್ಕಿಯನ್ನೂ ಪರಿಚಯ ಮಾಡಿಸುತ್ತಿದ್ದರಂತೆ. ರಷ್ಯನ್ನರು ಮನುಷ್ಯರನ್ನು ಪರಿಚಯಿಸುವ ಹಾಗೆ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ! ನೋಡಿದ್ದನ್ನೆಲ್ಲ ಬರೆದಿಡು ಅಂತಲೂ ಹೇಳಿಕೊಟ್ಟರು. ಬಿಯಾಂಕಿಯವರ ಅರ್ಧ ಬರವಣಿಗೆ ಅಲ್ಲೇ ಹುಟ್ಟಿತು ಅಂತ ನಾನು ನಂಬುತ್ತೇನೆ.

'ಯಾರ ಮೂಗು ಮೇಲು' ಅನ್ನುವ ಅವರ ಮೊದಮೊದಲ ಕತೆ ನೋಡಿ. ಹಕ್ಕಿಗಳೆಲ್ಲ ತಮ್ಮ ಕೊಕ್ಕಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತವೆ. ಗಟ್ಟಿ ಬೀಜ ಒಡೆಯುವ ಕೊಕ್ಕು, ಕೆಸರಿನೊಳಗೆ ತಡಕುವ ಉದ್ದ ಕೊಕ್ಕು, ಹೆಜ್ಜಾರ್ಲೆಯ ಚೀಲದಂಥ ಕೊಕ್ಕು. ಕೊನೆಗೆ ಗಿಡುಗ ಬಂದು ನೊಣಹಿಡುಕ ಹಕ್ಕಿಯನ್ನೇ ಹಿಡಿದುಬಿಡುತ್ತದೆ. ಕತೆ ಮುಗೀತು. ಸಮಾಧಾನದ ಮಾತಿಲ್ಲ. ಮಕ್ಕಳಿಗೆ ಸುಳ್ಳು ಹೇಳಬಾರದು ಅನ್ನುವ ಈ ಹಟ ನನಗೆ ತುಂಬಾ ಇಷ್ಟ.

ಅವರ ದೊಡ್ಡ ಪುಸ್ತಕ 'ಕಾಡಿನ ಪತ್ರಿಕೆ' ಬಂದದ್ದು 1928ರಲ್ಲಿ. ಪೇಟೆಯ ಪತ್ರಿಕೆಗಳಲ್ಲಿ ಬರೀ ಮನುಷ್ಯರ ಸುದ್ದಿ. ಹಾಗಾದರೆ ಕಾಡಿನ ಸುದ್ದಿ ಬರೆಯುವವರು ಯಾರು? ತಿಂಗಳಿಗೊಂದರಂತೆ 12 ಸಂಚಿಕೆ. ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಹಗಲು ರಾತ್ರಿ ಸಮವಾಗುವ ಮಾರ್ಚ್ 21ರಂದು. ಒಳಗೆ ಕಾಡಿನಿಂದ ಬಂದ ಟೆಲಿಗ್ರಾಂ ಇದೆ, ಜಾಹೀರಾತು ಇದೆ, ಓದುವ ಮಕ್ಕಳಿಗೆ ಪ್ರಶ್ನೆಗಳಿವೆ. ಹಕ್ಕಿಗಳು ವಾಪಸ್ ಬಂದದ್ದೇ ಮುಖ್ಯ ಸುದ್ದಿ! ಹೊಸ ಮುದ್ರಣ ಬಂದಾಗಲೆಲ್ಲ ಅವರು ಅದನ್ನು ತಿದ್ದಿ ಬೆಳೆಸುತ್ತಲೇ ಇದ್ದರು.

ಹಕ್ಕಿಗಳ ಬಗ್ಗೆ ಬರೆಯುವವರದು ನೆಮ್ಮದಿಯ ಬದುಕು ಅಂದುಕೊಳ್ಳುತ್ತೇವೆ ಅಲ್ವಾ? 1917ರ ಕ್ರಾಂತಿಯ ನಂತರ ರಷ್ಯಾದಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಬಿಯಾಂಕಿ ಸೈಬೀರಿಯಾದ ಅಲ್ತಾಯ್ ಸೀಮೆಯ ಬೀಸ್ಕ್ ಊರಿನಲ್ಲಿ ಬೇರೆ ಹೆಸರಿಟ್ಟುಕೊಂಡು ಇದ್ದರು, ಅಲ್ಲೇ ಶಾಲೆಯಲ್ಲಿ ಪಾಠ ಮಾಡಿದರು. ಆಮೇಲೆ ಹಲವು ಸಲ ಬಂಧನ. 1925ರಲ್ಲಿ ಇಲ್ಲದ ಗುಪ್ತ ಸಂಘಟನೆಯೊಂದರ ಸದಸ್ಯ ಅಂತ ಆರೋಪ ಹೊರಿಸಿ ಈಗಿನ ಕಝಾಕಸ್ತಾನದಲ್ಲಿರುವ ದೂರದ ಉರಾಲ್ಸ್ಕ್‌ಗೆ ಗಡಿಪಾರು ಮಾಡಿದರು. ಹೀಗಿದ್ದೂ ಅವರು ಮಕ್ಕಳಿಗೆ ಬರೆಯುವುದನ್ನು ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಕಾಲು ಸ್ವಾಧೀನ ತಪ್ಪಿತು. ಕಾಡಿಗೆ ಹೋಗಲಾಗದವರು ತಮ್ಮ ಶಿಷ್ಯರನ್ನು ಸೇರಿಸಿಕೊಂಡು ರೇಡಿಯೋದಲ್ಲಿ ಕಾಡಿನ ಸುದ್ದಿ ಹೇಳಿಸಿದರು. 1959ರಲ್ಲಿ ತೀರಿಕೊಂಡರು.

ಮೊನ್ನೆ ಮಗಳಿಗೆ ಅವರ ಇರುವೆಯ ಕತೆ ಹೇಳಿದೆ. ಎಲೆಯ ಜೊತೆ ಗಾಳಿಗೆ ಹಾರಿ ದೂರ ಬಿದ್ದ ಪುಟ್ಟ ಇರುವೆ ಅದು. ಸೂರ್ಯ ಮುಳುಗಿದರೆ ಗೂಡಿನ ಬಾಗಿಲು ಮುಚ್ಚುತ್ತದೆ. ಗೇಣು ಹಾಕುತ್ತಾ ನಡೆಯುವ ಹುಳು ಸ್ವಲ್ಪ ದೂರ ಹೊತ್ತುಕೊಂಡು ಹೋಗುತ್ತದೆ, ಉದ್ದ ಕಾಲಿನ ಜೇಡ ಇನ್ನಷ್ಟು ದೂರ, ನೀರಿನ ಮೇಲೆ ಜಾರುವ ಹುಳು ಆಚೆ ದಡಕ್ಕೆ. ಒಂದೊಂದರ ನಡಿಗೆಯೂ ಬೇರೆ, ಒಂದೊಂದೂ ನಿಜ. ಊರು ಬಿಡಿಸಿಕೊಂಡ ಮನುಷ್ಯ ಬರೆದದ್ದು ಅಂತ ಗೊತ್ತಿದ್ದ ನನಗೆ ಕೊನೆಕೊನೆಗೆ ಗಂಟಲು ಕಟ್ಟಿತು. ಮಗಳು ಉಸಿರು ಬಿಗಿಹಿಡಿದು ಕಿಟಕಿಯ ಕಡೆ ನೋಡುತ್ತಿದ್ದಳು, ನಮ್ಮ ಸೂರ್ಯ ಇನ್ನೂ ಇದ್ದಾನಾ ಅಂತ.