ಕುರ್ಚಿ ಜೋಡಿಸುವವರಿಗೆ ಈಗ ಕೆಲಸವಿಲ್ಲ

"ಆನ್‌ಲೈನ್ ಬಂದ ಮೇಲೆ ಜನ ಮುಖ ಕೊಟ್ಟು ಮಾತಾಡೋದೇ ಬಿಟ್ಟರು" ಅನ್ನುವ ಗೋಳು ಕೇಳಿ ಕೇಳಿ ಸಾಕಾಗಿದೆ. (ಆ ಗೋಳನ್ನು ತೋಡಿಕೊಳ್ಳುವುದೂ ಆನ್‌ಲೈನಿನಲ್ಲೇ, ಇರಲಿ.) ನನ್ನ ತಕರಾರು ಬೇರೆ. ಮಾತೇನೂ ಕಮ್ಮಿಯಾಗಿಲ್ಲ, ಹೆಚ್ಚೇ ಆಗಿದೆ. ಒಟ್ಟಿಗೆ ಸೇರಿ ಮಾಡಬೇಕಿದ್ದ ಸಣ್ಣಪುಟ್ಟ ಚಾಕರಿ ಇಲ್ಲವಾಯಿತಲ್ಲ, ನನ್ನ ಪ್ರಕಾರ ಪೆಟ್ಟು ಬಿದ್ದಿದ್ದು ಅಲ್ಲಿ.

ಯಾವ ಬಳಗವನ್ನಾದರೂ ತಗೊಳ್ಳಿ. ಓದುವವರದ್ದು, ಹಾಡುವವರದ್ದು, ಚೆಸ್ ಆಡುವವರದ್ದು. ತಿಂಗಳಿಗೊಮ್ಮೆ ಸೇರಬೇಕೆಂದರೆ ಯಾರೋ ಒಬ್ಬರು ಹಾಲ್‌ನ ಬೀಗದ ಕೈ ತರಬೇಕು. ಕುರ್ಚಿ ಹಾಕಬೇಕು, ಮುಗಿದ ಮೇಲೆ ಎತ್ತಿಡಬೇಕು. ಚಂದಾ ಕೇಳುವ ಮುಜುಗರದ ಕೆಲಸ ಒಬ್ಬರ ತಲೆಗೆ, ಕೊನೇ ಗಳಿಗೆಯಲ್ಲಿ ಕೈಕೊಡುವ ಮೈಕ್ ಇನ್ನೊಬ್ಬರ ತಲೆಗೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವವರಿಗೂ ಅಲ್ಲೊಂದು ಜಾಗ ಇತ್ತು. ಚರ್ಚೆಯಲ್ಲಿ ಒಂದು ಮಾತೂ ಆಡದ ಮನುಷ್ಯ ಕುರ್ಚಿ ಜೋಡಿಸುತ್ತಲೇ ಬಳಗಕ್ಕೆ ಬೇಕಾದವನಾಗಿಬಿಡುತ್ತಿದ್ದ. ಎರಡು ಸಲ ಬರದಿದ್ದರೆ "ಎಲ್ಲಪ್ಪಾ ಅವನು, ಹುಷಾರಿಲ್ವಂತಾ?" ಅಂತ ವಿಚಾರಿಸುತ್ತಿದ್ದರು. ಯಾಕೆಂದರೆ ಅವತ್ತು ಕುರ್ಚಿ ಹಾಕಿರುತ್ತಿರಲಿಲ್ಲ.

ಅದೇ ಮನುಷ್ಯ ಆನ್‌ಲೈನ್ ಗುಂಪಿನಲ್ಲಿ 'ಸೈಲೆಂಟ್ ಮೆಂಬರ್'. ಇದ್ದಾನೋ ಹೋದನೋ ಯಾರಿಗೂ ತಿಳಿಯದು. ಇಲ್ಲಿ ನಾವಿದ್ದೇವೆ ಅನ್ನುವುದಕ್ಕೆ ಮಾತೊಂದೇ ಸಾಕ್ಷಿ. ಹಾಗಾಗಿ ಜಾಸ್ತಿ ಮಾತಾಡುವವನದ್ದೇ ಯಜಮಾನಿಕೆ.

ಜಗಳದ ವಿಷಯಕ್ಕೆ ಬನ್ನಿ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಇದರ ಬಗ್ಗೆ ಬರೆದಿದ್ದರು. ಒಂದು ಸಂಸ್ಥೆ ಹಾದಿ ತಪ್ಪುತ್ತಿದೆ ಅನ್ನಿಸಿದಾಗ ಅದರೊಳಗಿನವರು ಬಿಟ್ಟು ಹೋಗಬಹುದು, ಇಲ್ಲವೇ ಇದ್ದು ದನಿ ಎತ್ತಬಹುದು. ಬಿಟ್ಟು ಹೋಗುವುದು ಸಲೀಸಾದಷ್ಟೂ ದನಿ ಎತ್ತುವ ಉಸಾಬರಿ ಯಾರಿಗೂ ಬೇಡವಾಗುತ್ತದೆ. ಈಗ ನೋಡಿ, 2022ರಲ್ಲಿ ವಾಟ್ಸಾಪ್ ಗುಂಪಿನಿಂದ ಸದ್ದಿಲ್ಲದೆ ಜಾರಿಕೊಳ್ಳುವ ಅನುಕೂಲವನ್ನೂ ಮಾಡಿಕೊಟ್ಟಿತು, ಅಡ್ಮಿನ್‌ಗಳಿಗೆ ಬಿಟ್ಟರೆ ಉಳಿದವರಿಗೆ ಸೂಚನೆಯೇ ಹೋಗುವುದಿಲ್ಲ. ಕಿರಿಕಿರಿಯ ಗುಂಪುಗಳಿಂದ ಪಾರಾಗಲು ನಾನೂ ಅದನ್ನು ಸಂತೋಷವಾಗಿ ಬಳಸುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಹಾಲ್‌ನಲ್ಲಿ ಜಗಳವಾಡಿದರೆ, ಹತ್ತು ನಿಮಿಷ ಬಿಟ್ಟು ಅದೇ ಮನುಷ್ಯನ ಜೊತೆ ಮೇಜಿನ ಇನ್ನೊಂದು ತುದಿ ಹಿಡಿದು ಎತ್ತಬೇಕಿತ್ತು. "ಸ್ವಲ್ಪ ಎಡಕ್ಕೆ" ಅಂತಲಾದರೂ ಹೇಳಲೇಬೇಕಲ್ಲ? ಅರ್ಧ ರಾಜಿ ಅಲ್ಲೇ ಆಗುತ್ತಿತ್ತು.

ಹಾಗಂತ ಆನ್‌ಲೈನ್ ಬಳಗಗಳು ಹುಟ್ಟಿದ್ದೇ ಹೀಗೆ ಅಂತಲ್ಲ. 1973ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ 'ಕಮ್ಯುನಿಟಿ ಮೆಮೊರಿ' ಅಂತ, ಸಾರ್ವಜನಿಕರು ಸಂದೇಶ ಬರೆದಿಡಲು, ಬೇರೆಯವರದ್ದನ್ನು ಓದಲು ಒಂದು ಕಂಪ್ಯೂಟರ್ ಟರ್ಮಿನಲ್ ಇಟ್ಟಾಗ, ಅದನ್ನಿಟ್ಟಿದ್ದು ಗ್ರಾಮಫೋನ್ ರೆಕಾರ್ಡ್ ಮಾರುವ ಅಂಗಡಿಯೊಂದರಲ್ಲಿ, ಚೀಟಿ ಅಂಟಿಸುವ ಮಾಮೂಲಿ ಬೋರ್ಡಿನ ಪಕ್ಕದಲ್ಲಿ. 1985ರಲ್ಲಿ ಶುರುವಾದ 'ದ ವೆಲ್' ಅನ್ನುವ ಬಳಗದ ಕತೆಯೂ ಸೊಗಸಾಗಿದೆ. ಆಗ ಫೋನ್ ಲೈನಿನ ಮೂಲಕವೇ ಸೇರಿಕೊಳ್ಳಬೇಕಿತ್ತು, ದೂರದ ಕರೆ ದುಬಾರಿ. ಹಾಗಾಗಿ ಸದಸ್ಯರಲ್ಲಿ ಹೆಚ್ಚಿನವರು ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತಲಿನವರೇ ಆದರು. ಪರದೆಯ ಮೇಲೆ ಕಿತ್ತಾಡಿದವರು ಆಮೇಲೆ ಬಳಗದ ಪಾರ್ಟಿಯಲ್ಲಿ ಎದುರಾಗುತ್ತಿದ್ದರು. ದೂರ ಅಗ್ಗವಾಗುತ್ತಾ ಬಂತು, ಎದುರಾಗುವ ಅಗತ್ಯವೂ ತಪ್ಪಿತು.

ಹಳೆಯದೆಲ್ಲ ಬಂಗಾರ ಅನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಆ ಹಾಲ್‌ನ ಮೆಟ್ಟಿಲು ಹತ್ತಲಾಗದವರು ಹೊರಗೇ ಉಳಿದಿದ್ದರು. ಕಿವಿ ಕೇಳಿಸದವರು ಒಳಗಿದ್ದೂ ಹೊರಗಿದ್ದರು. ಮನೆಯಿಂದ ಹೊರಡುವಾಗ ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್ ಅನ್ನುವ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಹೆಣ್ಣುಮಕ್ಕಳಂತೂ ಬಂದರೂ ಅರ್ಧಕ್ಕೇ ಎದ್ದು ಹೋಗಬೇಕಿತ್ತು. ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ಇರುವವರಿಗೆ ಅದೇ ಪಾಡಿನ ಇನ್ನೊಬ್ಬರು ಸಿಗುವುದು ಆನ್‌ಲೈನಿನಲ್ಲೇ. ಇದನ್ನೆಲ್ಲ ಬಿಟ್ಟುಕೊಟ್ಟು ಹಿಂದಕ್ಕೆ ಹೋಗೋಣ ಅನ್ನುವವರ ಜೊತೆ ನಾನಿಲ್ಲ.

ಆದರೆ ಆನ್‌ಲೈನಿನಲ್ಲೂ ಗಟ್ಟಿಯಾಗಿ ನಿಂತ ಬಳಗಗಳನ್ನು ಗಮನಿಸಿ. 2001ರಲ್ಲಿ ಹುಟ್ಟಿದ ವಿಕಿಪೀಡಿಯ, 2004ರ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಬಿಡಿಸುವ ಜಗತ್ತಿನ ನಕ್ಷೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ, ಆ ಕಡೆ ಕಾಲೇ ಇಡದ ನೂರಾರು ಜನ ಉಪಗ್ರಹ ಚಿತ್ರ ನೋಡಿಕೊಂಡು ರಾಜಧಾನಿಯ ರಸ್ತೆ, ಬಿದ್ದ ಕಟ್ಟಡ, ನಿರಾಶ್ರಿತರ ಶಿಬಿರಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಪರಿಹಾರಕ್ಕೆ ಹೋದವರು ಆ ನಕ್ಷೆ ಹಿಡಿದು ಓಡಾಡಿದರು. ವಿಕಿಪೀಡಿಯದವರ ಒಳಜಗಳಗಳನ್ನು ಓದಿದವರಿಗೆ ಗೊತ್ತು, ಒಂದು ಅಲ್ಪವಿರಾಮಕ್ಕೂ ಕದನ! ಆದರೂ ಬಳಗ ಒಡೆದಿಲ್ಲ, ಯಾಕೆಂದರೆ ಜಗಳದ ಆಚೆ ತಿದ್ದಬೇಕಾದ ಪುಟ ಇದ್ದೇ ಇರುತ್ತದೆ. ಮಾತು ಬಾರದವನು ಅಲ್ಲಿ ಕಾಗುಣಿತ ತಿದ್ದಿಕೊಂಡಿರಬಹುದು, ಅವನೂ ಬಳಗದವನೇ.

ನಮ್ಮ ಮಾಮೂಲಿ ಗುಂಪುಗಳಲ್ಲಿ ಕೆಲಸ ಇರುವುದು ಅಡ್ಮಿನ್ ಒಬ್ಬರಿಗೆ. ಮಿಕ್ಕವರೆಲ್ಲ ಪ್ರೇಕ್ಷಕರು. ವಾಟ್ಸಾಪ್ ಗುಂಪಿಗೆ ಈಗ 1024 ಜನರನ್ನು ಸೇರಿಸಬಹುದು, ಅಷ್ಟೂ ಜನರ ಕುರ್ಚಿ ಒಬ್ಬರೇ ಜೋಡಿಸಿದರೆ ಎಷ್ಟು ದಿನ ತಾಳುತ್ತಾರೆ? ಒಂದು ದಿನ "ಇನ್ಮೇಲೆ ನೀವೇ ನೋಡ್ಕೊಳ್ಳಿ" ಅಂತ ಕೈಚೆಲ್ಲುತ್ತಾರೆ, ನೋಡಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ.

ಹೊಸಬರನ್ನು ಮಾತಾಡಿಸುವುದು ಒಬ್ಬರಿಗೆ, ಹಳೆಯ ಚರ್ಚೆಗಳ ಪಟ್ಟಿ ಇಡುವುದು ಇನ್ನೊಬ್ಬರಿಗೆ, ಬಹಳ ದಿನದಿಂದ ಕಾಣದವರಿಗೆ ಫೋನ್ ಮಾಡುವುದು ಮತ್ತೊಬ್ಬರಿಗೆ. ಹೀಗೆ ಹಂಚಿಕೊಂಡು ನಡೆಸುತ್ತಿರುವ ಗುಂಪು ನಿಮ್ಮದಾಗಿದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಮುಖ್ಯವಾಗಿ, ಒಪ್ಪಿಕೊಂಡವರು ಮೂರನೇ ತಿಂಗಳಿಗೇ ಜಾರಿಕೊಳ್ಳದಂತೆ ಹೇಗೆ ಹಿಡಿದಿಟ್ಟಿರಿ ಅನ್ನುವುದನ್ನು ಹೇಳಿ.