ಹದಿನೆಂಟು ಸೆಕೆಂಡಿನ ನೆಂಟ

"ಯಾವ ಊರಿಗೆ?" ಎಂದು ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಕೇಳಿದರೆ ನನಗೆ ಪೇಚು. ಎಲ್ಲಿಗೂ ಇಲ್ಲ, ರೈಲು ನೋಡಲು ಬಂದೆ ಎಂದರೆ, ಕೇಳಿದವರು ನನ್ನ ಮುಖವನ್ನೊಮ್ಮೆ, ಕೊರಳಿನ ಕ್ಯಾಮೆರಾವನ್ನೊಮ್ಮೆ ನೋಡಿ, ಮೆಲ್ಲಗೆ ಪಕ್ಕದ ಬೆಂಚಿಗೆ ಸರಿಯುತ್ತಾರೆ.

ಈ ಹುಚ್ಚಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಬ್ರಿಟನ್ನಿನಲ್ಲಿ ಟ್ರೈನ್‌ಸ್ಪಾಟರ್, ಅಮೆರಿಕದಲ್ಲಿ ರೈಲ್‌ಫ್ಯಾನ್. ಅಲ್ಲೇ ಹಂಗಿಸಬೇಕಾದರೆ ಫೋಮರ್, ಅಂದರೆ ರೈಲು ಕಂಡೊಡನೆ ಬಾಯಲ್ಲಿ ನೊರೆ ಬರುವವನು. ಜಪಾನೀಯರಂತೂ ಒಳಪಂಗಡಗಳನ್ನೇ ಮಾಡಿಟ್ಟಿದ್ದಾರೆ: ಫೋಟೊ ತೆಗೆಯುವವನು ತೋರಿತೆತ್ಸು, ಹತ್ತಿ ಸುತ್ತುವವನು ನೋರಿತೆತ್ಸು, ಬರೀ ಸದ್ದು ಹಿಡಿದಿಡುವವನು ಒತೊತೆತ್ಸು. ನಾನು ಮೂರರಲ್ಲೂ ಅರೆಬರೆ.

ಗಂಟೆಗೆ 100 ಕಿ.ಮೀ. ಓಡುವ, 500 ಮೀಟರ್ ಉದ್ದದ ರೈಲು ನನ್ನೆದುರು ಹಾದುಹೋಗಲು 18 ಸೆಕೆಂಡು ಸಾಕು. ಆ 18 ಸೆಕೆಂಡಿಗೆ ಎರಡು ತಾಸು ಕಾಯುತ್ತೇನೆ. ಕಾಯುವಾಗ ನೋಡಲು ಇರುವುದು ಹಳಿಯೊಂದೇ. ಅದರ ಮೈಯೆಲ್ಲ ತುಕ್ಕಿನ ಕಂದು, ನೆತ್ತಿ ಮಾತ್ರ ಈಗಷ್ಟೇ ಉಜ್ಜಿಟ್ಟಂತೆ ಫಳಫಳ. ಅಷ್ಟು ಭಾರದ ಎಂಜಿನ್ನಿನ ಚಕ್ರವೊಂದು ಹಳಿಗೆ ತಾಗುವ ಜಾಗ ಸಣ್ಣ ನಾಣ್ಯದಷ್ಟಂತೆ! ಆಮೇಲೆ ಹಳಿ ಸಣ್ಣಗೆ ಗುಂಯ್‌ಗುಡತೊಡಗುತ್ತದೆ. ಉಕ್ಕಿನಲ್ಲಿ ಸದ್ದು ಗಾಳಿಗಿಂತ ಸುಮಾರು 15 ಪಟ್ಟು ಬೇಗ ಓಡುತ್ತದೆ. ನೆಂಟ ಬರುವ ಮೊದಲೇ ಸುದ್ದಿ ಬಂದಿರುತ್ತದೆ.

ಇನ್ನು ಫೋಟೊ. ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಇಟ್ಟರೂ, ಅಷ್ಟರಲ್ಲೇ ಆ ರೈಲು ಸುಮಾರು 3 ಸೆಂ.ಮೀ. ಜಾರಿರುತ್ತದೆ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಅಡ್ಡ ಬರುವ ಗೂಡ್ಸು. ವರ್ಷಕ್ಕೊಮ್ಮೆ ಓಡುವ ಹಬೆ ಎಂಜಿನ್ನಿಗಾಗಿ ನಸುಕಿನಿಂದ ಕಾದು ನಿಂತಿದ್ದೆ. ಅದು ಕೂಗುತ್ತ ಬಂದ ಗಳಿಗೆಗೇ ಈಚೆ ಹಳಿಯಲ್ಲಿ ಗೂಡ್ಸೊಂದು ನಿಧಾನವಾಗಿ ತೆವಳಿತು. ನನ್ನ ಬಳಿ ಈಗಿರುವುದು ಕಲ್ಲಿದ್ದಲು ವ್ಯಾಗನ್ನುಗಳ ಹನ್ನೊಂದು ಸೊಗಸಾದ ಚಿತ್ರ, ಮೇಲೊಂದಿಷ್ಟು ಹೊಗೆ.

ಇಂಥ ಹೊತ್ತಿನಲ್ಲಿ ಓ. ವಿನ್‌ಸ್ಟನ್ ಲಿಂಕ್ ನೆನಪಾಗುತ್ತಾನೆ. 1955ರಿಂದ ಅಮೆರಿಕದ ನಾರ್ಫಕ್ ಅಂಡ್ ವೆಸ್ಟರ್ನ್ ರೈಲುದಾರಿಯ ಕೊನೆಗಾಲದ ಹಬೆ ಎಂಜಿನ್ನುಗಳನ್ನು ಕತ್ತಲಲ್ಲೇ ಹಿಡಿದವನು. ದಾರಿಯುದ್ದಕ್ಕೂ ತಂತಿ ಎಳೆದು, ಫ್ಲ್ಯಾಶ್ ಬಲ್ಬುಗಳ ಸಾಲು ಕಟ್ಟಿ ಕಾಯುತ್ತಿದ್ದ. ಒಮ್ಮೆ ಬೆಳಗಿದ ಬಲ್ಬು ಅಲ್ಲಿಗೇ ಸುಟ್ಟುಹೋಗುತ್ತದೆ. ಒಂದು ರೈಲು, ಒಂದೇ ಏಟು. ಸೆಕೆಂಡಿಗೆ ಹತ್ತು ಚಿತ್ರ ಬಾಚುವ ನನಗೆ ಆ ಎದೆಗಾರಿಕೆ ಎಲ್ಲಿಂದ ಬರಬೇಕು?

ಈಚೆಗೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಎಂಜಿನ್ ಹಾಯುವವರೆಗೆ ಕ್ಯಾಮೆರಾದ ಪಾಲು, ಬೋಗಿಗಳೆಲ್ಲ ಕಣ್ಣಿನ ಪಾಲು. ಹಾಗೆ ಕ್ಯಾಮೆರಾ ಇಳಿಸಿ ನಿಂತಿದ್ದಾಗಲೇ ಗೊತ್ತಾಗಿದ್ದು: ಮೊನ್ನೆ ಕಿಟಕಿಯೊಂದರಿಂದ ಯಾರೋ ಫೋನು ಚಾಚಿ ನನ್ನ ಫೋಟೊ ತೆಗೆದರು. ಆ ವೇಗದಲ್ಲಿ ನಾನು ಖಂಡಿತ ಮಸುಕಾಗಿ ಬಂದಿರುತ್ತೇನೆ.